ಬೀರುವಿನ ಮೇಲಿನ ಹೆಸರು, ತೆರಿಗೆ ಬಿಲ್ಲಿನ ಸಾಲು

ನ್ಯೂಜೆರ್ಸಿಯಲ್ಲಿ ಹೊಸದಾಗಿ ಮನೆ ಕೊಂಡ ಕನ್ನಡಿಗರಿಗೆ ಮೊದಲ ಆಸ್ತಿ ತೆರಿಗೆ ಬಿಲ್ ಬಂದಾಗ ಎದೆ ಧಸಕ್ಕೆನ್ನುತ್ತದೆ. ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಇಷ್ಟು, ಊರಾಡಳಿತಕ್ಕೆ ಇಷ್ಟು, ಶಾಲೆಗೆ ಇಷ್ಟು ಎಂದು ಬೇರೆ ಬೇರೆ ಸಾಲು ಹಾಕಿರುತ್ತಾರೆ. ಬಹಳಷ್ಟು ಊರುಗಳಲ್ಲಿ ಶಾಲೆಯ ಸಾಲೇ ಎಲ್ಲಕ್ಕಿಂತ ದೊಡ್ಡದು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಕಿಗೆ ಒಂದೊಂದು ಕಂತು. ಮಕ್ಕಳಿಲ್ಲದವರೂ ಕಟ್ಟಬೇಕು, ಮಕ್ಕಳು ಓದಿ ಮುಗಿಸಿ ಹೋದ ಮುದುಕರೂ ಕಟ್ಟಬೇಕು.

ಕಟ್ಟಿದವರು ಸುಮ್ಮನೆ ಕೂರುವುದಿಲ್ಲ, ಲೆಕ್ಕ ಕೇಳುತ್ತಾರೆ. ನನಗೆ ಹಿಡಿಸಿದ್ದು ಇದೇ.

ಈ ಪುಟ್ಟ ರಾಜ್ಯದಲ್ಲಿ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸುಮಾರು 600 ಶಾಲಾ ಡಿಸ್ಟ್ರಿಕ್ಟ್‌ಗಳಿವೆ. ನಾಲ್ಕೈದು ಶಾಲೆಗಳಷ್ಟೇ ಇರುವ ಡಿಸ್ಟ್ರಿಕ್ಟಿಗೂ ಊರವರೇ ಆರಿಸಿದ ಮಂಡಳಿ ಇರುತ್ತದೆ. ಸದಸ್ಯರ ಅವಧಿ ಮೂರು ವರ್ಷ, ಸಂಬಳವಿಲ್ಲ. 1975ರ ಕಾನೂನಿನಂತೆ ಸಭೆ ಬಾಗಿಲು ತೆರೆದೇ ನಡೆಯಬೇಕು, 48 ಗಂಟೆ ಮೊದಲೇ ಸೂಚನೆ ಹೊರಬೀಳಬೇಕು, ಸಾರ್ವಜನಿಕರಿಗೆ ಮಾತಾಡಲು ಸಮಯ ಇಡಬೇಕು. ವೀಸಾ ಮೇಲಿರುವವರಿಗೆ ಮತವಿಲ್ಲ, ಮಾತಿಗೆ ಅಡ್ಡಿಯಿಲ್ಲ. ಕಾರ್ಯಸೂಚಿಯ ಜೊತೆ ಪಾವತಿ ಪಟ್ಟಿಯೂ ಇರುತ್ತದೆ: ಬಸ್ ಗುತ್ತಿಗೆದಾರನಿಗೆ ಎಷ್ಟು, ಬಾಯ್ಲರ್ ರಿಪೇರಿಗೆ ಎಷ್ಟು ಅಂತ ಒಂದೊಂದೂ ಓದಬಹುದು.

ಬಸ್ಸಿನ ವಿಷಯವನ್ನೇ ನೋಡಿ. 8ನೇ ತರಗತಿವರೆಗಿನ ಮಗುವಿನ ಮನೆ ಶಾಲೆಯಿಂದ 2 ಮೈಲಿಗಿಂತ ದೂರವಿದ್ದರೆ, ಹೈಸ್ಕೂಲಿನವರದು 2.5 ಮೈಲಿಗಿಂತ ದೂರವಿದ್ದರೆ ಬಸ್ಸು ಕಡ್ಡಾಯ. ಅದಕ್ಕಿಂತ ಹತ್ತಿರದವರಿಗೆ ಬಿಡುವುದು 'ಕರ್ಟಸಿ' ಬಸ್ಸು. ಡಿಸ್ಟ್ರಿಕ್ಟ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಾಲೆಗಾಗಿ ಎತ್ತುವ ತೆರಿಗೆಯನ್ನು, ಕೆಲವು ವಿನಾಯಿತಿ ಬಿಟ್ಟರೆ, ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸುವಂತಿಲ್ಲ. ಸಂಬಳ, ಆರೋಗ್ಯ ವಿಮೆ ಅದಕ್ಕಿಂತ ಜೋರಾಗಿ ಏರಿ, ರಾಜ್ಯದ ಅನುದಾನವೂ ಇಳಿದ ವರ್ಷ ಕತ್ತರಿ ಇಂಥ ಬಸ್ಸಿನ ಮೇಲೆ ಬೀಳುತ್ತದೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ, ಜನವರಿಯ ನಸುಗತ್ತಲಲ್ಲಿ, ಮಕ್ಕಳು ನಡೆದುಹೋಗಬೇಕಾಗುತ್ತದೆ.

ನಮ್ಮವರು ಎಡವುವುದೂ ಇಲ್ಲೇ. ಬಸ್ಸಿಲ್ಲ ಎಂಬ ಪತ್ರ ಜೂನ್‌ನಲ್ಲಿ ಬಂದಾಗ ವಾಟ್ಸಾಪ್ ಗುಂಪು ಕೊತಕೊತ ಕುದಿಯುತ್ತದೆ. ಕರಡು ಬಜೆಟ್ ಮಾರ್ಚ್‌ನಲ್ಲೇ ಹೊರಬಂದಿತ್ತು, ಸಾರ್ವಜನಿಕ ವಿಚಾರಣೆ ಏಪ್ರಿಲ್ ಕೊನೆಗೋ ಮೇ ಮೊದಲ ವಾರಕ್ಕೋ ಮುಗಿದುಹೋಗಿತ್ತು. ಜುಲೈ 1ಕ್ಕೆ ಹೊಸ ಹಣಕಾಸು ವರ್ಷ. ಆಮೇಲೆ ಕೂಗಿ ಫಲವಿಲ್ಲ. ವಿಚಾರಣೆಗೆ ಹೋದರೆ ಮೈಕ್ ಮುಂದೆ ಸಾಮಾನ್ಯವಾಗಿ ಸಿಗುವುದು ಮೂರು ನಿಮಿಷ. "ಇಷ್ಟೊಂದು ತೆರಿಗೆ ಕಟ್ಟುತ್ತೇವೆ" ಎಂದು ಶುರು ಮಾಡಿದವರ ಮೂರು ನಿಮಿಷ ಹಾಗೇ ಹಾರಿಹೋಗುತ್ತದೆ. ರಸ್ತೆಯ ಫೋಟೋ, ಬೆಳಗ್ಗೆ ಏಳರಿಂದ ಏಳೂವರೆಯೊಳಗೆ ಹಾದುಹೋಗುವ ಲಾರಿಗಳ ಎಣಿಕೆ, ಆ ರೂಟಿನ ಖರ್ಚು, ಈ ಮೂರನ್ನೂ ಹಿಡಿದು ನಿಂತವರಿಗೆ ಮಂಡಳಿ ಉತ್ತರ ಹುಡುಕಲೇಬೇಕಾಗುತ್ತದೆ. ರೂಟಿನ ಖರ್ಚು ತಿಳಿಯದಿದ್ದರೆ ದಾಖಲೆ ಕೋರಿ ಅರ್ಜಿ ಹಾಕಿ; ಏಳು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು.

ನಮ್ಮ ಕರ್ನಾಟಕದಲ್ಲೂ ಕಾನೂನಿಗೇನೂ ಕೊರತೆಯಿಲ್ಲ. 2001ರಿಂದ ಶಾಲೆಯ ಆಗುಹೋಗು ನೋಡಿಕೊಳ್ಳುವ ಪೋಷಕರ ಸಮಿತಿ, ಎಸ್‌ಡಿಎಂಸಿ ಇದೆ, ಅಧ್ಯಕ್ಷರಿಗೂ ಮುಖ್ಯೋಪಾಧ್ಯಾಯರಿಗೂ ಜಂಟಿ ಖಾತೆ ಇದೆ. ಆದರೆ ನಡಾವಳಿ ಪುಸ್ತಕ ಹೆಡ್‌ಮಾಸ್ಟರ ಬೀರುವಿನಿಂದ ಹೊರಗೆ ಬರುವುದು ಸಹಿಗೆ ಮಾತ್ರ. ಅದರಲ್ಲೇನಿದೆ ಎಂದು ನೋಡಬೇಕೆಂದರೆ ಮಾಹಿತಿ ಹಕ್ಕು: ಹತ್ತು ರೂಪಾಯಿ, 150 ಪದಗಳ ಮಿತಿ, 30 ದಿನ.

ಅದೇ ಬೀರುವಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರಿರುತ್ತದೆ. ಫ್ಯಾನಿನ ರೆಕ್ಕೆ, ನೀರಿನ ಟ್ಯಾಂಕು, ಗೋಡೆ ಗಡಿಯಾರ ಯಾವುದನ್ನೂ ಬಿಟ್ಟಿರುವುದಿಲ್ಲ. ಹಳೆ ವಿದ್ಯಾರ್ಥಿಗಳು ನೀರಿನ ಫಿಲ್ಟರ್ ಕೊಡಿಸಿ, ಶಾಲು ಹೊದಿಸಿಕೊಂಡು, ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ವರ್ಷದ ಮೇಲೆ ಒಳಗಿನ ಕಾರ್ಟ್ರಿಜ್ ಕಟ್ಟಿಕೊಳ್ಳುತ್ತದೆ. 30ರಿಂದ 100 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಅನುದಾನ 25,000 ರೂಪಾಯಿ. ಸೀಮೆಸುಣ್ಣದಿಂದ ಸಣ್ಣಪುಟ್ಟ ರಿಪೇರಿವರೆಗೆ ಅದರಲ್ಲೇ ತೂಗಿಸಬೇಕು. ಫಿಲ್ಟರ್ ಮೂಲೆ ಸೇರುತ್ತದೆ, ಮಕ್ಕಳು ಮತ್ತೆ ಮನೆಯಿಂದ ಬಾಟಲಿ ತರುತ್ತಾರೆ. ದಾನ ಕೊಟ್ಟವರು ತಿರುಗಿ ಬಂದು ಫಿಲ್ಟರ್ ಏನಾಯಿತೆಂದು ಕೇಳುವುದಿಲ್ಲ, ಕೇಳಿದರೆ ಸಣ್ಣತನ ಅಂದುಕೊಳ್ಳುತ್ತಾರೆ. ನಾವು ಕಟ್ಟುವ ತೆರಿಗೆಯೂ ಆ ಶಾಲೆಗೆ ಹೋಗುತ್ತದೆ, ಬಿಲ್ಲಿನಲ್ಲಿ ಅದಕ್ಕೊಂದು ಬೇರೆ ಸಾಲಿಲ್ಲದ್ದರಿಂದ ನೆನಪಾಗುವುದಿಲ್ಲ, ಅಷ್ಟೇ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಇಷ್ಟು ಹೇಳಿದ ಮೇಲೆ ಇಲ್ಲಿನ, ಅಂದರೆ ನ್ಯೂಜೆರ್ಸಿಯ, ಹುಳುಕನ್ನೂ ಒಪ್ಪಿಕೊಳ್ಳಬೇಕು. ಶಾಲೆ ಮನೆಗಳ ಬೆಲೆಗೆ ಅಂಟಿಕೊಂಡರೆ ಸಿರಿವಂತ ಊರಿಗೆ ಸಿರಿವಂತ ಶಾಲೆಯೇ ಸಿಗುವುದು. ಬಡ ಊರಿನ ಮಕ್ಕಳ ಪರವಾಗಿ ಅಬಟ್ ಮೊಕದ್ದಮೆ ನಡೆದು, ಅವರ ಶಾಲೆಗಳಿಗೂ ಸಿರಿವಂತ ಊರುಗಳಷ್ಟೇ ಹಣ ಸಿಗಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಬೇಕಾಯಿತು. ನಮ್ಮಲ್ಲಿ ಗಡಿ ತಾಂಡಾದ ಸರ್ಕಾರಿ ಶಾಲೆ ಮೇಷ್ಟರಿಗೂ ಬೆಂಗಳೂರಿನವರಿಗೂ ಮೂಲ ವೇತನ ಒಂದೇ. ಊಟದ ವಿಷಯದಲ್ಲಂತೂ ನಾವೇ ಮುಂದೆ. ಇಲ್ಲಿ ಎಷ್ಟೋ ಕಡೆ ಪುಕ್ಕಟೆ ಊಟಕ್ಕೆ ಮನೆಯ ಆದಾಯ ಬರೆದು ಅರ್ಜಿ ತುಂಬಬೇಕು, ಮಗುವಿನ ಊಟದ ಖಾತೆಯಲ್ಲಿ ದುಡ್ಡು ಮುಗಿದರೆ ಮನೆಗೆ ಪತ್ರ ಬರುತ್ತದೆ. ಅಲ್ಲಿ ಗಂಟೆ ಹೊಡೆದರೆ ಸಾಕು, ಯಾರ ಮಗು, ಏನು ಆದಾಯ ಎಂದು ಕೇಳದೆ ಎಲ್ಲರ ತಟ್ಟೆಗೂ ಬಿಸಿ ಅನ್ನ, ಸಾರು ಬೀಳುತ್ತದೆ.