ಹೊನ್ನಮ್ಮನಿಗೆ ಈಜು ಬರ್ತಿತ್ತಾ?

ನನಗಾಗ ಎಂಟೋ ಒಂಬತ್ತೋ ವರ್ಷ. ಗೌರಿ ಹಬ್ಬದ ದಿನ, ಜಡಿಮಳೆ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಏರಿ ಮೇಲೆ ಅಜ್ಜಿಗೆ ಕೊಡೆ ಹಿಡಿದು ನಿಂತಿದ್ದೆ. ಅಜ್ಜಿ ಕೈಯಲ್ಲಿ ಬಾಗಿನದ ಮೊರ. ಸೋಮವಾರಪೇಟೆ ಬಿಟ್ಟಾಗಿನಿಂದ ಅಜ್ಜಿ ಕಥೆ ಹೇಳುತ್ತಲೇ ಬಂದಿದ್ದರು. ಕೆರೆ ತೋಡಿದರು, ನೀರು ಬರಲಿಲ್ಲ, ಊರಿನ ಒಳಿತಿಗೆ ಅಂತ ಹೊನ್ನಮ್ಮ ತನ್ನನ್ನೇ ಕೊಟ್ಟಳು, ಕೆರೆ ತುಂಬಿತು. ಅದಕ್ಕೇ ಪ್ರತಿ ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ. ಅಷ್ಟೂ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ ಮಾತು.

"ಅಜ್ಜಿ, ಹೊನ್ನಮ್ಮನಿಗೆ ಈಜು ಬರ್ತಿತ್ತಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಕೊಡೆ ಸರಿಯಾಗಿ ಹಿಡಿ, ಬಾಗಿನ ನೆನೀತದೆ" ಅಂದರು.

ಈಗ ಯಾಕೆ ಇದು ನೆನಪಾಯ್ತು ಅಂದ್ರೆ, ಹೋದ ವಾರ ಗೆಳತಿಯೊಬ್ಬಳು ಕೊಡಗಿನ ಹೋಮ್‌ಸ್ಟೇಯಿಂದ ಫೋಟೋ ಹಾಕಿದ್ದಳು. ಕೆರೆ, ಎರಡು ಕುರ್ಚಿ, ಒಂದು ಕಾಫಿ ಲೋಟ, ಕೆಳಗೆ 'ನೆಮ್ಮದಿ' ಅಂತ ಒಂದೇ ಪದ. ಚೆನ್ನಾಗಿತ್ತು, ಲೈಕೂ ಒತ್ತಿದೆ. ಆಮೇಲೆ ಯೋಚನೆ ಶುರುವಾಯ್ತು. ಕೆರೆ ಅಂದ್ರೆ ನೆಮ್ಮದಿ ಅಂತ ನಮಗೆ ಹೇಳಿಕೊಟ್ಟವರು ಯಾರು? ನಮ್ಮ ಕಥೆಗಳಂತೂ ಅಲ್ಲ.

ಅಮೆರಿಕದ ಲೇಖಕ ಥೋರೋ ವಾಲ್ಡನ್ ಕೊಳದ ದಡದಲ್ಲಿ ತಾನೇ ಗುಡಿಸಲು ಕಟ್ಟಿಕೊಂಡು 1845ರಿಂದ 1847ರವರೆಗೆ ಇದ್ದ, ಗೊತ್ತಲ್ವಾ. ಆ ಕೊಳಕ್ಕೆ ತಳವೇ ಇಲ್ಲ ಅಂತ ಅಲ್ಲಿಯ ಜನ ನಂಬಿದ್ದರಂತೆ. ಇವನು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೇಬಿಟ್ಟ, 102 ಅಡಿ. ನನಗೆ ಅವನ ಒಂಟಿತನದ ಮಾತುಗಳಿಗಿಂತ ಈ ಕಲ್ಲು ಕಟ್ಟಿದ ದಾರ ಇಷ್ಟ. ನಮ್ಮೂರಲ್ಲೂ ಸ್ವಲ್ಪ ಆಳದ ಕೆರೆ ಇದ್ದರೆ ಸಾಕು, 'ತಳ ಇಲ್ಲ' ಅಂತಾರೆ. ಯಾರೂ ಅಳೆಯಲ್ಲ. ಅಳೆದರೆ ಮಕ್ಕಳನ್ನು ಹೆದರಿಸೋದು ಹೇಗೆ?

ಅವನ ಕೊಳ ತಾನಾಗಿ ಆದದ್ದು. ನಮ್ಮ ಕೆರೆ ಯಾರೋ ಕಟ್ಟಿದ್ದು. ಏರಿ, ತೂಬು, ಕೋಡಿ, ಎಲ್ಲಕ್ಕೂ ಯಾರೋ ಬೆವರು ಸುರಿಸಿರುತ್ತಾರೆ. ಬೆವರಿನ ಲೆಕ್ಕ ಮುಗಿದ ಮೇಲೂ ಕಥೆ ಇನ್ನೇನೋ ಕೇಳುತ್ತದೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕೆರೆಯನ್ನೇ ನೋಡಿ. ನಡುವೆ ಮಂಟಪ, ಮೀನಿಗೆ ಪುರಿ ಹಾಕುವ ಮಕ್ಕಳು, ಎಷ್ಟು ಚಂದ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ದೇವಸ್ಥಾನ ಅದು. ಜನ ಹೇಳುವ ಕಥೆ ಮಾತ್ರ ಚಂದ ಇಲ್ಲ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಪಾಪ ಕಳೆಯಲು ರಾಜ ಕಾಶಿಯಿಂದ ಲಿಂಗ ತರಿಸಿದ. ಅಲ್ಲಿಯೂ ನೀರಿನ ಪಕ್ಕದಲ್ಲಿ ಒಂದು ಸಾವು.

ಹೊನ್ನಮ್ಮನ ಕಥೆ ಕೊಡಗಿನದ್ದು ಮಾತ್ರ ಅಂತ ಅಂದುಕೊಂಡಿದ್ದೆ. ಹೈಸ್ಕೂಲಲ್ಲಿ 'ಕೆರೆಗೆ ಹಾರ' ಜನಪದ ಹಾಡು ಓದಿದಾಗ ಮೈ ಜುಮ್ಮೆಂದಿತು. ಅದೇ ಕಥೆ! ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕು ಅಂತಾಗುತ್ತದೆ. ಎಲ್ಲರೂ ಕೊನೆಯಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನೇ ಹೇಳ್ತಾರೆ. ನನ್ನನ್ನು ಇವತ್ತಿಗೂ ಅಲ್ಲಾಡಿಸುವುದು ಅದಕ್ಕೆ ಮುಂಚಿನ ಭಾಗ. ಭಾಗೀರಥಿ ತವರಿಗೆ ಹೋಗ್ತಾಳೆ. ಯಾಕೆ ಕಣ್ಣೀರು ಅಂತ ಅಪ್ಪ ಕೇಳ್ತಾನೆ. ನಮ್ಮನ್ನು ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಅವಳಾದರೂ ಓಡಿ ಹೋಗೇ ಅಂದಳಾ? ಇಲ್ಲ. ಇಟ್ಟ ಹಾಗೆ ಇರಬೇಕು ಅಂದಳು.

ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿ ಬಂದು ಅದೇ ಕೆರೆಗೆ ಹಾರುತ್ತಾನೆ. ನಮ್ಮ ಕ್ಲಾಸಿನ ಹುಡುಗರಿಗೆ ಅವನ ಮೇಲೇ ಜಾಸ್ತಿ ಕನಿಕರ. ಬಿಡಿ, ಅದು ಬೇರೆ ವಿಷಯ.

ಗಂಡಸರು ನೀರಿಗೆ ಇಳಿದ ಕಥೆಗಳೂ ನಮ್ಮಲ್ಲಿವೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂರುತ್ತಾನೆ. ಭೀಮನ ಆರ್ಭಟ ಕೇಳಿ ನೀರೊಳಗೆ ಇದ್ದುಕೊಂಡೇ ಬೆವರುತ್ತಾನೆ. ಸಾವಿರ ವರ್ಷ ಹಿಂದೆ ಇದನ್ನು ಬರೆದವನಿಗೆ ದೊಡ್ಡ ನಮಸ್ಕಾರ. ಆದರೆ ದುರ್ಯೋಧನನಿಗೆ ಎದ್ದು ಹೊರಗೆ ಬರುವ ದಾರಿ ಇತ್ತು, ಬಂದ, ಗದೆ ಹಿಡಿದ. ಯಕ್ಷಪ್ರಶ್ನೆಯ ಕೊಳದಲ್ಲಿ ನಾಲ್ಕು ಜನ ಪಾಂಡವರು ಬಿದ್ದರು, ಧರ್ಮರಾಯ ಉತ್ತರ ಕೊಟ್ಟ, ನಾಲ್ವರೂ ಎದ್ದು ಕೂತರು. ಗಂಡಸರನ್ನು ಕೊಳ ಪ್ರಶ್ನೆ ಕೇಳುತ್ತದೆ, ಉತ್ತರಿಸಲು ಸಮಯವನ್ನೂ ಕೊಡುತ್ತದೆ. ಹೊನ್ನಮ್ಮನನ್ನು, ಭಾಗೀರಥಿಯನ್ನು ಯಾರೂ ಏನೂ ಕೇಳಲಿಲ್ಲ.

ಹೆಣ್ಣು ತಾನೇ ಕೆರೆ ಕಟ್ಟಿಸಿದರೆ? ಚನ್ನಗಿರಿ ಕಡೆ ಶಾಂತವ್ವನ ಕಥೆ ಹೇಳ್ತಾರೆ. ಅಷ್ಟು ದೊಡ್ಡ ಕೆರೆ ಕಟ್ಟಿಸಿದಳು. ಊರ ಬಾಯಲ್ಲಿ ಉಳಿದ ಹೆಸರು ಸೂಳೆಕೆರೆ. ಶಾಂತಿಸಾಗರ ಅಂತ ಬೋರ್ಡಲ್ಲಿ ಬರೆದರೆ ಬಾಯಿ ಬದಲಾಗುತ್ತಾ?

ಈಗ ನಮ್ಮ ತೋಟದ ಕೆರೆಗೆ ಬರ್ತೀನಿ. ಅದಕ್ಕೆ ಹೆಸರೂ ಇಲ್ಲ, ಕಥೆಯೂ ಇಲ್ಲ. 'ಕೆಳಗಿನ ಕೆರೆ', ಅಷ್ಟೇ. ಅಜ್ಜನ ಕಾಲದಲ್ಲಿ ಲೈನ್ ಮನೆಯವರು, ಅಂದ್ರೆ ತೋಟದ ಕೂಲಿಯವರು, ಹಾರೆ, ಗುದ್ದಲಿಯಲ್ಲಿ ತೋಡಿದ್ದು. ಅವರ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈ ಕೊಟ್ಟರೆ ಈ ಕೆರೆಯೇ ಗತಿ. ಪಂಪ್ ಹಚ್ಚಿ, ಪೈಪ್ ಎಳೆದು, ರಾತ್ರಿಯೆಲ್ಲಾ ಸ್ಪ್ರಿಂಕ್ಲರ್ ತಿರುಗಿಸಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಆ ವಾಸನೆಗೆ ತಲೆ ತಿರುಗುತ್ತದೆ. ಅಷ್ಟೊತ್ತಿಗೆ ಕೆರೆಯಲ್ಲಿ ನೀರು ಅರ್ಧಕ್ಕೆ ಇಳಿದಿರುತ್ತದೆ, ಅಂಚಿನ ಕೆಸರು ಬಿರುಕು ಬಿಟ್ಟಿರುತ್ತದೆ. ನನ್ನ ನೆನಪಿನಲ್ಲಿ ಕಾಫಿ ಹೂವಿನ ವಾಸನೆಯೂ ಕೆರೆ ಕೆಸರಿನ ವಾಸನೆಯೂ ಜೊತೆಗೇ ಇವೆ.

ಆ ಕೆರೆಯಲ್ಲಿ ನಾನು ಲಾರಿ ಟಯರಿನ ಟ್ಯೂಬ್ ಹಿಡಿದು ಈಜು ಕಲಿತೆ. ಅಣ್ಣನಿಗಿಂತ ಚೆನ್ನಾಗಿಯೇ ಈಜುತ್ತಿದ್ದೆ, ಅವನು ಒಪ್ಪಲ್ಲ. ಹನ್ನೆರಡಕ್ಕೆ ನಿಂತುಹೋಯ್ತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ಇನ್ನು ಸಾಕು" ಅಂದರು, ಅಷ್ಟೇ. ಅಣ್ಣ ಈಜುತ್ತಿದ್ದ, ನಾನು ಏರಿ ಮೇಲೆ ಅವನ ಟವೆಲ್ ಹಿಡಿದು ಕೂರುತ್ತಿದ್ದೆ. ಬೇಸಿಗೆಯಲ್ಲಿ ಆನೆಗಳು ಬರುತ್ತಿದ್ದವು. ಹೆಣ್ಣಾನೆ ಮರಿ ಕಟ್ಟಿಕೊಂಡು ಬಂದು ಗಂಟೆಗಟ್ಟಲೆ ನೀರಲ್ಲಿ ಹೊರಳಾಡಿ ಹೋಗುತ್ತಿತ್ತು. ಅದಕ್ಕೆ ಇನ್ನು ಸಾಕು ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಕೊಡಗಿನ ಗೌರಮ್ಮನ ಕಥೆಗಳನ್ನು ಓದಿದೆ. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತು ಕರೆಸಿಕೊಂಡ ಹೆಣ್ಣುಮಗಳು. 1939ರಲ್ಲಿ, 27ನೇ ವಯಸ್ಸಿಗೆ, ಈಜಲು ಹೋಗಿ ತೀರಿಕೊಂಡರು. ಬೇಂದ್ರೆ 'ತಂಗಿ ಗೌರಮ್ಮ' ಅಂತ ಕವನ ಬರೆದರು. ಆಕೆಯ ಬಗ್ಗೆ ಯಾರೇ ಮಾತಾಡಿದರೂ ಕೊನೆಗೆ ಅಯ್ಯೋ ಅಂತಾರೆ. ನಾನೂ ಅಂದಿದ್ದೇನೆ. ಆದರೆ ಸುಮ್ನೆ ಒಂದು ನಿಮಿಷ ಯೋಚನೆ ಮಾಡಿ. 1930ರ ದಶಕದಲ್ಲಿ, ಕಾಫಿ ತೋಟದಲ್ಲಿ ಬದುಕಿದ ಒಬ್ಬ ಗೃಹಿಣಿ ಈಜು ಬೇಕು ಅನ್ನಿಸಿ ನೀರಿಗೆ ಇಳಿದಿದ್ದಾಳೆ. ಯಾರದೋ ಕೆರೆ ತುಂಬಲಿ ಅಂತ ಅಲ್ಲ. ಆಕೆಯ ಸಾವು ನಮಗೆಲ್ಲ ನೆನಪಿದೆ. ಆ ಈಜಿನ ಬಗ್ಗೆ ಒಂದು ಸಾಲು ಯಾರಾದರೂ ಬರೆದಿದ್ದರೆ ಓದಬೇಕು ಅಂತ ನನಗೆ ಬಹಳ ಆಸೆ.

ಬಾಗಿನ ಬಿಡಬೇಡಿ ಅಂತ ಹೇಳ್ತಿಲ್ಲ. ಮದುವೆಯಾದ ವರ್ಷ ನಾನೂ ಗಂಡನ ಜೊತೆ ಹೋಗಿ ಬಿಟ್ಟು ಬಂದಿದ್ದೇನೆ. ಕೈ ಮುಗಿಯುವಾಗ ಕಣ್ಣು ತುಂಬಿತ್ತು, ಭಕ್ತಿಗೋ ಸಿಟ್ಟಿಗೋ ಗೊತ್ತಿಲ್ಲ. ಆದರೆ ಹೊನ್ನಮ್ಮನ ಕಥೆಯನ್ನು ತ್ಯಾಗ ಅಂತ ಒಂದೇ ಪದದಲ್ಲಿ ಮುಗಿಸುವುದು ನನಗೆ ಆಗಲ್ಲ. ಮಗಳಿಗೆ ಕಥೆ ಹೇಳುವಾಗ, ಅವಳಿಗೆ ಇಷ್ಟ ಇತ್ತಾ ಅಂತ ಯಾರೂ ಕೇಳಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳ್ತೀನಿ. ಅಮ್ಮನಿಗೆ ಅದು ಹಿಡಿಸಲ್ಲ.

ಈ ಏಪ್ರಿಲ್ ರಜೆಯಲ್ಲಿ ಮಗಳನ್ನು ಕೆಳಗಿನ ಕೆರೆಗೆ ಇಳಿಸಿದೆ. ಮೈಸೂರಿನ ಈಜುಕೊಳದಲ್ಲಿ ಕಲಿತವಳು, ಕೆಸರು ಕಾಲಿಗೆ ತಾಗಿದ ಕೂಡಲೇ "ಛೀ" ಅಂದಳು. ಸ್ವಲ್ಪ ಹೊತ್ತಿಗೆ ನಾನೂ ಚೂಡಿದಾರದಲ್ಲೇ ಇಳಿದೆ. ಇಪ್ಪತ್ತೈದು ವರ್ಷ ಆಗಿತ್ತು. ತೋಳು ನೋಯುತ್ತಿತ್ತು, ಮೂಗಿನ ತುಂಬ ನೀರು, ಆದರೂ ನಡುವಿನವರೆಗೆ ಹೋಗಿ ಅಂಗಾತ ತೇಲಿದೆ. ಏರಿ ಮೇಲೆ ಅಪ್ಪ ಬಂದು ನಿಂತಿದ್ದು ಕಾಣಿಸಿತು. ಅಣ್ಣನ ಟವೆಲ್ ನೆನಪಾಯ್ತು. ಈಗ ಏನೋ ಹೇಳ್ತಾರೆ ಅಂತ ಕಾದೆ.

"ಫುಟ್‌ವಾಲ್ವ್ ಹತ್ರ ಹೋಗ್ಬೇಡ ಮಗಾ, ಕೆಸರು ಎದ್ದರೆ ಪಂಪ್ ಕಟ್ಕೊಳ್ತದೆ."