ಒಂದು ಸಲ ಹಾಕಿಸಿದರೆ ಸಾಕಂತೆ

ನಿನ್ನೆ ರಾತ್ರಿ ಅಣ್ಣನ ಮಗಳು ಒಂದು ರೀಲ್ ಕಳಿಸಿ, "ಅತ್ತೆ, ಇದು ನಿಜವಾ?" ಅಂತ ಕೇಳಿದ್ದಳು. ಬ್ರೆಜಿಲ್‌ನ ಯಾವುದೋ ಕ್ಲಿನಿಕ್. ಒಬ್ಬಳು ಹುಡುಗಿ ಬೋರಲು ಮಲಗಿದ್ದಾಳೆ. ಸಂಕೋಚ ಬಿಟ್ಟೇ ಹೇಳುತ್ತೇನೆ, ಕುಂಡಿ ದಪ್ಪ ಕಾಣಲಿ ಅಂತ ಪಿಎಂಎಂಎ ಅನ್ನುವ ಪ್ಲಾಸ್ಟಿಕ್‌ನ ಇಂಜೆಕ್ಷನ್ ಕೊಡುತ್ತಿದ್ದಾರೆ. ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ಒಂದು ಸಲ ಹಾಕಿಸಿದರೆ ಸಾಕು, ಪರ್ಮನೆಂಟ್. ಆ ಒಂದು ಮಾತಿಗೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಾನು ಎಷ್ಟು ವರ್ಷ ಮೂಳೆ ಓಟಿಯಲ್ಲಿ ಸಿಸ್ಟರ್ ಆಗಿದ್ದೆ ಅಂತ ನಿಮಗೆಲ್ಲ ಗೊತ್ತು. ಮಂಡಿ ಬದಲಿಸುವಾಗ ಹೊಸ ಕೀಲನ್ನು ಮೂಳೆಗೆ ಕೂರಿಸುವ ಬೋನ್ ಸಿಮೆಂಟ್ ಕಲಸಿ ಕೊಡುತ್ತಿದ್ದವಳು ನಾನು. ಪುಡಿಗೆ ದ್ರವ ಬೆರೆಸಿದ ಕೂಡಲೇ ಮೂಗಿಗೆ ಅಡರುವ ವಾಸನೆ. ಆಮೇಲೆ ಬಿಸಿಯೇರುತ್ತದೆ, ಸ್ವಲ್ಪ ಹೊತ್ತಿಗೆ ಕಲ್ಲು. ಅದೂ ಪಿಎಂಎಂಎನೇ. ಅಜ್ಜಿಯ ಹಲ್ಲಿನ ಸೆಟ್ಟಿನ ಗುಲಾಬಿ ವಸಡೂ ಅದೇ ಜಾತಿಯ ಪ್ಲಾಸ್ಟಿಕ್ಕು. ಮೂಳೆಯಲ್ಲಿ ಅದು ಒಂದು ಗಟ್ಟಿ ತುಂಡು. ಕೀವಾದರೆ ಆ ತುಂಡನ್ನು ಒಡೆದು ತೆಗೆಯಬಹುದು, ಕಣ್ಣಾರೆ ನೋಡಿದ್ದೇನೆ. ಮೈ ತುಂಬಿಕೊಂಡಂತೆ ಕಾಣಲಿ ಅಂತ ಚುಚ್ಚುವ ಫಿಲ್ಲರ್‌ನಲ್ಲಿ ಹಾಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳನ್ನು ಜೆಲ್‌ನಲ್ಲಿ ಬೆರೆಸಿರುತ್ತಾರೆ. ಜೆಲ್ ಕರಗಿ ಹೋಗುತ್ತದೆ, ಗುಂಡುಗಳು ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ ಹರಡಿ ಕೂರುತ್ತವೆ. ತೆಗೆಯಬೇಕು ಅಂದರೆ ಸುತ್ತಲಿನ ಮಾಂಸವನ್ನೂ ಕತ್ತರಿಸಬೇಕು. ಅಷ್ಟಾದರೂ ಪೂರ್ತಿ ಬರುವುದಿಲ್ಲ.

ಮೈ ಮಾತ್ರ ಸುಮ್ನೆ ಇರುವುದಿಲ್ಲ. ಎಷ್ಟೋ ವರ್ಷ ಆದ ಮೇಲೆ ಗಂಟು ಕಟ್ಟಬಹುದು. ಆ ಗಂಟುಗಳಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಟ್ಟವರಿದ್ದಾರೆ. ಹಾಕಿಸಿಕೊಂಡದ್ದು ಕುಂಡಿಗೆ, ಹೋದದ್ದು ಕಿಡ್ನಿ! ಇದನ್ನು ರೀಲ್‌ನಲ್ಲಿ ಯಾರು ಹೇಳುತ್ತಾರೆ? ಸೂಜಿ ರಕ್ತನಾಳಕ್ಕೆ ಹೊಕ್ಕರೆ ವರ್ಷಗಟ್ಟಲೆ ಕಾಯುವುದೂ ಬೇಡ, ಗುಂಡುಗಳು ನೇರ ಶ್ವಾಸಕೋಶಕ್ಕೆ ಹೋಗಬಹುದು.

ಬ್ರೆಜಿಲ್‌ನವರಿಗೆ ಇದು ಗೊತ್ತಿಲ್ಲದ್ದೇನಲ್ಲ. 2014ರಲ್ಲಿ ಟಿವಿಯಲ್ಲಿ ಹೆಸರು ಮಾಡಿದ್ದ ಆಂಡ್ರೆಸ್ಸಾ ಉರಾಕ್ ತೊಡೆಗೆ ಹಾಕಿಸಿದ್ದ ಫಿಲ್ಲರ್‌ನಿಂದ ನಂಜೇರಿ ಐಸಿಯು ಸೇರಿದ್ದಳು. 2018ರಲ್ಲಿ ರಿಯೋದಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಲಕ್ಷಗಟ್ಟಲೆ ಜನ ಹಿಂಬಾಲಿಸುತ್ತಿದ್ದ 'ಡಾಕ್ಟರ್ ಬುಂಬುಂ' ತನ್ನ ಅಪಾರ್ಟ್‌ಮೆಂಟಿನಲ್ಲೇ ಒಬ್ಬ ಹೆಂಗಸಿಗೆ ಇಂಜೆಕ್ಷನ್ ಕೊಟ್ಟ. ಕೆಲವೇ ಗಂಟೆಗಳಲ್ಲಿ ಆಕೆ ಸತ್ತಳು. 2025ರ ಜನವರಿಯಲ್ಲಿ ಅಲ್ಲಿನ ವೈದ್ಯರ ಮಂಡಳಿಯೇ ಫಿಲ್ಲರ್ ಆಗಿ ಪಿಎಂಎಂಎ ಬಳಸುವುದನ್ನು ನಿಷೇಧಿಸಿ ಅಂತ ಸರ್ಕಾರಿ ಸಂಸ್ಥೆ ಆನ್ವೀಸಾವನ್ನು ಕೇಳಿತು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಕೆಲವರು ಸಿಲಿಕೋನ್ ಚುಚ್ಚುತ್ತಾರೆ. ಮೈ ತಿದ್ದಲು ಸಿಲಿಕೋನ್ ಚುಚ್ಚಿಸಿಕೊಳ್ಳಬೇಡಿ ಅಂತ 2017ರಲ್ಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ಎಚ್‌ಐವಿ ಔಷಧಿಯಿಂದ ಕೆನ್ನೆ ಬತ್ತಿದವರಿಗೆ ಪಿಎಂಎಂಎ ಉಪಯೋಗ ಆಗಿದೆಯಲ್ಲ ಅಂತ ಯಾರಾದರೂ ಕೇಳಬಹುದು. ಆಗಿದೆ. ಅದು ಕೆನ್ನೆಗೆ ಸ್ವಲ್ಪವೇ ಸ್ವಲ್ಪ, ಕಾಯಿಲೆಯ ಗುರುತು ಮುಖದಲ್ಲಿ ಕಾಣದಿರಲಿ ಅಂತ. ಅದನ್ನು ತೋರಿಸಿ ಕುಂಡಿಗೆ ನೂರಾರು ಎಂಎಲ್ ತುಂಬುವುದು ಯಾವ ನ್ಯಾಯ?

ಯಾರಿಗೂ ಹೇಳದ ಒಂದು ಮಾತು ಇವತ್ತು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಹುಷಾರು ತಪ್ಪಿ ಸೊರಗಿದ್ದೆನಲ್ಲ, ಆಗ ಕನ್ನಡಿ ನೋಡಲು ಆಗುತ್ತಿರಲಿಲ್ಲ. ಒಂದು ಕ್ಲಿನಿಕ್‌ಗೆ ಹೋಗಿ ಕೆನ್ನೆಗೆ ಫಿಲ್ಲರ್ ರೇಟು ಕೇಳಿದೆ. ಕರಗುವುದಕ್ಕೆ ಒಂದು ರೇಟು, ಪರ್ಮನೆಂಟ್‌ಗೆ ಒಂದು ರೇಟು. "ಮತ್ತೆ ಮತ್ತೆ ಯಾಕೆ ಆಂಟಿ ಖರ್ಚು?" ಅಂದಳು ಅಲ್ಲಿದ್ದ ಹುಡುಗಿ. ಎಲ್ಲ ಗೊತ್ತಿದ್ದ ನಾನೂ ಅಲ್ಲೇ ಕೂತು ದುಡ್ಡಿನ ಲೆಕ್ಕ ಹಾಕಿದೆ. ಆಮೇಲೆ ಎದ್ದು ಬಂದೆ. ಒಂದೂವರೆ ವರ್ಷದಲ್ಲಿ ಕೆನ್ನೆ ತಾನೇ ತುಂಬಿಕೊಂಡಿತು. ಅವತ್ತು ಹಾಕಿಸಿದ್ದರೆ ಇವತ್ತಿನ ಕೆನ್ನೆಯೊಳಗೆ ಆ ಪ್ಲಾಸ್ಟಿಕ್ ಇರುತ್ತಿತ್ತು ಅಲ್ವಾ? ಕರಗುವ ಜಾತಿಯ ಹಯಲುರಾನಿಕ್ ಆಸಿಡ್ ಫಿಲ್ಲರ್‌ನಲ್ಲೂ ಅಪಾಯ ಇದೆ. ಆದರೆ ಹೆಚ್ಚುಕಮ್ಮಿ ಆದರೆ ಕರಗಿಸಲು ಒಂದು ಇಂಜೆಕ್ಷನ್ ಇದೆ. ಪಿಎಂಎಂಎ, ಸಿಲಿಕೋನ್‌ಗೆ ಅಂಥದ್ದು ಯಾವುದೂ ಇಲ್ಲ.

ಬೆಳಿಗ್ಗೆ ಅಣ್ಣನ ಮಗಳಿಗೆ ಫೋನ್ ಮಾಡಿ, "ಯಾರಿಗೋಸ್ಕರ ಕೇಳಿದ್ದು?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಫ್ರೆಂಡ್‌ಗೆ ಅತ್ತೆ" ಅಂದಳು. ಬೈಯಲಿಲ್ಲ. ಆ ಫ್ರೆಂಡನ್ನೂ ಕರೆದುಕೊಂಡು ಭಾನುವಾರ ಊಟಕ್ಕೆ ಬಾ ಅಂದಿದ್ದೇನೆ.