ನವೆಂಬರ್ ಒಂದರ ಸಹಿ

ನವೆಂಬರ್ 1 ಬಂತೆಂದರೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಹಳದಿ ಕೆಂಪಿನ ಶಾಲು ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. 2024ರಲ್ಲಿ ಬರಲಿಲ್ಲ. ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಅವಳು ಮನಸ್ಸಿಟ್ಟಿದ್ದ ಕಾಲೇಜಿನ ‘ಅರ್ಲಿ ಡಿಸಿಷನ್’ ಅರ್ಜಿಗೆ ಅದೇ ದಿನ ರಾತ್ರಿ 11:59 ಗಡುವು. ದೀಪಾವಳಿ ಅಮಾವಾಸ್ಯೆಯೂ ಅವತ್ತೇ ಬಿದ್ದಿತ್ತು. ದೀಪ ಹಚ್ಚಿ, ಒಬ್ಬಟ್ಟು ತಿಂದು, ಮೂವರೂ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಸುತ್ತ ಕೂತೆವು. ಅದರಲ್ಲೊಂದು ಒಪ್ಪಂದ ತೆರೆದಿತ್ತು. ಮೂರು ಸಹಿ ಬೇಕು: ವಿದ್ಯಾರ್ಥಿಯದು, ಹೆತ್ತವರದು, ಶಾಲೆಯ ಕೌನ್ಸೆಲರ್‌ ಅವರದು. ಅವಳು ತನ್ನದು ಹಾಕಿ ಆಗಿತ್ತು. ನನ್ನದು ಬಾಕಿ.

ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಸ್ವಲ್ಪ ಕಷ್ಟ. ಜನವರಿ ಹೊತ್ತಿಗೆ ಹತ್ತು ಹನ್ನೆರಡು ಕಾಲೇಜಿಗೆ ಅರ್ಜಿ ಹಾಕಿ, ಮಾರ್ಚ್ ಕೊನೆಗೆ ಉತ್ತರ ಬಂದ ಮೇಲೆ, ಮೇ 1ರೊಳಗೆ ಒಂದನ್ನು ಆರಿಸಿಕೊಳ್ಳುವುದು ಇಲ್ಲಿನ ಸಾಮಾನ್ಯ ದಾರಿ. ಅರ್ಲಿ ಡಿಸಿಷನ್ (ಬಾಯಿಮಾತಿನಲ್ಲಿ ‘ಇಡಿ’) ಅಂದರೆ ಒಂದೇ ಒಂದು ಕಾಲೇಜಿಗೆ ‘ನೀವು ಕರೆದರೆ ಬಂದೇ ಬರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ಮುಂಚೆಯೇ ಬರೆದುಕೊಡುವುದು. ಡಿಸೆಂಬರ್ ಮಧ್ಯಕ್ಕೆ ಫಲಿತಾಂಶ. ಹಣಕಾಸಿನ ನೆರವು ಎಷ್ಟು ಕೊಡುತ್ತಾರೆ ಅನ್ನುವ ಪತ್ರವೂ ಹೆಚ್ಚುಕಡಿಮೆ ಆಗಲೇ, ಸೀಟಿನ ಜೊತೆಗೇ ಬರುತ್ತದೆ. ಒಪ್ಪಿಗೆ ಮೊದಲು, ಬೆಲೆ ಆಮೇಲೆ.

ಅಮ್ಮ ಚಿಕ್ಕಪೇಟೆಯಲ್ಲಿ ಸೀರೆ ತೆಗೆಯುವುದನ್ನು ನೋಡಿ ಬೆಳೆದವನು ನಾನು. ಇಷ್ಟವಾದ ಸೀರೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ್ದನ್ನು ಎತ್ತಿ ಸೆರಗು ಸರಿಯಿಲ್ಲ ಅನ್ನುವಳು, ಎರಡು ಅಂಗಡಿ ಸುತ್ತಿ ಬರುವಳು, ಚಪ್ಪಲಿ ಮೆಟ್ಟಿಕೊಂಡು ಹೊರಟ ಮೇಲೆ ಏನೋ ನೆನಪಾದವಳ ಹಾಗೆ ‘ಅದೆಷ್ಟು?’ ಅನ್ನುವಳು. ಆಸೆ ಮುಖದಲ್ಲಿ ಕಂಡರೆ ಕೆಲಸ ಕೆಟ್ಟಿತು ಅಂತಲೇ ನಮಗೆಲ್ಲ ಪಾಠ. ಇಲ್ಲಿ ನೋಡಿದರೆ ಆಸೆಯನ್ನು ಸಹಿ ಸಮೇತ ಬರೆದುಕೊಡಿ ಅನ್ನುತ್ತಾರೆ.

‘ಹಂಗಾದ್ರೆ ಯಾಕಪ್ಪ ಹಾಕ್ಬೇಕು?’ ಎಂದರು ಅಪ್ಪ, ಮೈಸೂರಿನಿಂದ. ಯಾಕೆಂದರೆ ಸೀಟು ಸಿಗುವ ಸಂಭವ ಹೆಚ್ಚು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥವು ಮೊದಲ ವರ್ಷದ ಸುಮಾರು ಅರ್ಧ ಸೀಟುಗಳನ್ನು ಈ ಬಾಗಿಲಿನಿಂದಲೇ ತುಂಬಿಕೊಳ್ಳುತ್ತವೆ. ಖಂಡಿತ ಬರುವ ಹುಡುಗರೆಂದರೆ ಕಾಲೇಜಿಗೂ ನಿಶ್ಚಿಂತೆ, ಎಷ್ಟು ಜನ ಕೈಕೊಡುತ್ತಾರೋ ಅನ್ನುವ ಲೆಕ್ಕ ಹಾಕಬೇಕಾಗಿಲ್ಲ. ಉಳಿದರ್ಧಕ್ಕೆ ಮಾರ್ಚ್‌ನಲ್ಲಿ ನೂಕುನುಗ್ಗಲು. ನಮ್ಮ ಕನ್ನಡ ಕೂಟದಲ್ಲಿ ಬಿಸಿಬೇಳೆಭಾತಿನ ಸಾಲಲ್ಲಿ ನಿಂತಾಗಲೂ ಇದೇ ಮಾತು: ‘ಇಡಿ ಹಾಕಿದ್ರಾ?’ ಹೊಸಬರು ಜಾರಿ ನಿರ್ದೇಶನಾಲಯ ಅಂದುಕೊಂಡು ಗಾಬರಿಯಾಗುವುದೂ ಉಂಟು.

ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡಿಸಿಕೊಳ್ಳಬಹುದು, ಹೌದು. ದಂಡವಿಲ್ಲ, ಕೋರ್ಟು ಕಚೇರಿಯಿಲ್ಲ. ಕೌನ್ಸೆಲರ್ ನನಗೆ ಅದನ್ನೇ ಹೇಳಿ ಸಮಾಧಾನ ಮಾಡಿದರು. ಆದರೆ ಡಿಸೆಂಬರ್ 15ರ ಸುಮಾರಿಗೆ ಪತ್ರ ಬಂದರೆ, ಉಳಿದ ಕಾಲೇಜುಗಳ ಗಡುವು ಜನವರಿ ಮೊದಲ ವಾರ. ನಡುವೆ ಕ್ರಿಸ್‌ಮಸ್ ರಜೆ, ಕಚೇರಿಯ ಫೋನು ಎತ್ತುವವರಿಲ್ಲ. ಕೈಯಲ್ಲಿರುವುದು ಒಂದೇ ಪತ್ರ. ಅದರಲ್ಲಿರುವ ಮೊತ್ತ ಹೆಚ್ಚೋ ಕಡಿಮೆಯೋ ಎಂದು ಪಕ್ಕದಲ್ಲಿಟ್ಟು ನೋಡಲು ಇನ್ನೊಂದಿಲ್ಲ. ಕನಸಿನ ಕಾಲೇಜು ಕರೆದಿದೆ ಎಂದು ಕುಣಿಯುತ್ತಿರುವ ಹದಿನೇಳರ ಹುಡುಗಿಗೆ ‘ಬಿಡು, ದುಡ್ಡು ಸಾಲದು’ ಎನ್ನುವ ಬಾಯಿ ಯಾವ ಅಪ್ಪನಿಗಿದೆ?

ಮೊದಲೇ ಅಂದಾಜು ಸಿಗಲಿ ಅಂತ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇದೆ. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಅದನ್ನು ಇಡಲೇಬೇಕೆಂದು ಕಾನೂನು. ಸಂಬಳ, ಉಳಿತಾಯ, ಮಕ್ಕಳೆಷ್ಟು ಎಂದೆಲ್ಲ ತುಂಬಿದೆ. ಊಟ ವಸತಿ ಸೇರಿ ವರ್ಷಕ್ಕೆ 90,000 ಡಾಲರ್ ಹತ್ತಿರದ ಕಾಲೇಜು. ನಮ್ಮ ಪಾಲು 48,000 ಎಂದು ತೋರಿಸಿತು. ಉಸಿರು ಬಿಟ್ಟುಕೊಳ್ಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ: ವಾಸದ ಮನೆ ಬಿಟ್ಟು ಬೇರೆ ಸ್ಥಿರಾಸ್ತಿ ಇದೆಯೇ?

ಇದೆ. ಮೈಸೂರಿನಲ್ಲೊಂದು ಸೈಟು. ಥರ್ಟಿ ಫಾರ್ಟಿ, ಪೂರ್ವ ದಿಕ್ಕು. ಹದಿನೈದು ವರ್ಷದ ಹಿಂದೆ ಅಪ್ಪನೇ ಓಡಾಡಿ ನನ್ನ ಹೆಸರಿಗೆ ಮಾಡಿಸಿದ್ದು. ಯಾವತ್ತೋ ವಾಪಸ್ ಬಂದರೆ ಮನೆ ಕಟ್ಟಿಕೊಳ್ಳಲಿ ಅಂತ. ನನ್ನ ಲೆಕ್ಕದಲ್ಲಿ ಅದು ಆಸ್ತಿಯಲ್ಲ, ಅಪ್ಪನ ಜೊತೆಗಿನ ಒಂದು ಕೊಂಡಿ. ಕ್ಯಾಲ್ಕುಲೇಟರಿಗೆ ಅದೆಲ್ಲ ಗೊತ್ತಿಲ್ಲ, ಅದಕ್ಕೆ ಬೇಕಾದದ್ದು ಇಂದಿನ ಬೆಲೆ. ಭಾವನಿಗೆ ಫೋನ್ ಮಾಡಿದೆ. ‘ಗೌರ್ಮೆಂಟ್ ರೇಟ್ ಹೇಳ್ಲಾ, ನಿಜವಾದ ರೇಟ್ ಹೇಳ್ಲಾ?’ ಎಂದರು. ಅಮೆರಿಕದ ಫಾರಂನಲ್ಲಿ ಒಂದೇ ಚೌಕ. ನಿಜವಾದ್ದನ್ನೇ ಹಾಕಿದೆ. ಒಂದು ಕೋಟಿ, ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 1,19,000 ಡಾಲರ್. ಹೆತ್ತವರ ಆಸ್ತಿಯಲ್ಲಿ ವರ್ಷಕ್ಕೆ ನೂರಕ್ಕೆ ಐದರಷ್ಟನ್ನು ಓದಿಗೆ ತೆಗೆಯಬಹುದು ಅನ್ನುವುದು ಇವರ ಸೂತ್ರ. ನಮ್ಮ ಪಾಲು ಹತ್ತಿರ ಹತ್ತಿರ 54,000 ಆಯಿತು. ಬಾಡಿಗೆ ಬಾರದ, ಬೇಲಿಯೂ ಇಲ್ಲದ ಆ ಜಾಗ ಕೂತಲ್ಲೇ ವರ್ಷಕ್ಕೆ ಆರು ಸಾವಿರ ಡಾಲರ್ ತಿಂದಿತು.

ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡಿಗೆ ಅಲ್ಲಿ ಕಾಲಂ ಇಲ್ಲ. ಕಾಲೇಜುಗಳ ಸ್ವಂತ ನೆರವಿಗೆಂದು ತುಂಬುವ, ಕಾಲೇಜ್ ಬೋರ್ಡ್ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಉದ್ದನೆಯ ಅರ್ಜಿಯ ಕೊನೆಯಲ್ಲಿ ವಿಶೇಷ ಪರಿಸ್ಥಿತಿ ಇದ್ದರೆ ಬರೆಯಿರಿ ಎಂದು ಜಾಗವಿದೆ. ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವುದು ‘ವಿಶೇಷ ಪರಿಸ್ಥಿತಿ’ ಎಂದು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಇನ್ನು ಸರ್ಕಾರದ ನೆರವಿಗೆ ಬೇಕಾದ ಫ್ಯಾಫ್ಸಾ ಅರ್ಜಿ ಆ ವರ್ಷ ನವೆಂಬರ್ 1ಕ್ಕೆ ಎಲ್ಲರಿಗೂ ತೆರೆದೇ ಇರಲಿಲ್ಲ. ತೆರೆದದ್ದು ಅದೇ ತಿಂಗಳು 21ಕ್ಕೆ.

ಇಷ್ಟು ಹೇಳಿದ ಮೇಲೂ ಅರ್ಲಿ ಡಿಸಿಷನ್ ಎಲ್ಲರಿಗೂ ಕೆಟ್ಟದ್ದು ಅನ್ನಲಾರೆ. ದುಡ್ಡಿದ್ದವರಿಗೆ ತೊಂದರೆಯೇ ಇಲ್ಲ. ತೀರಾ ಕಡಿಮೆ ಆದಾಯದವರಿಗೆ, ಅಗತ್ಯವಿದ್ದಷ್ಟನ್ನೂ ಕೊಡುವ ಕಾಲೇಜಾದರೆ, ಅಲ್ಲೂ ಭಯವಿಲ್ಲ. ಸಿಕ್ಕಿಕೊಳ್ಳುವವರು ಸಂಬಳದ ಚೀಟಿಯಲ್ಲಿ ಸಾಹುಕಾರರ ಹಾಗೆ ಕಾಣುವ ನಮ್ಮಂಥವರು. ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇರುವ ಗೆಳೆಯರ, ಇಲ್ಲಿ ಹುಟ್ಟದ ಮಕ್ಕಳ ಪಾಡು ಬೇರೆ, ಅವರಿಗೆ ಫ್ಯಾಫ್ಸಾದ ಬಾಗಿಲೇ ಇಲ್ಲ.

ತಮಾಷೆ ಎಂದರೆ, ಧಾರಾಳವಾಗಿ ನೆರವು ಕೊಡುವ ಕೆಲವು ದೊಡ್ಡ ಕಾಲೇಜುಗಳು ಹೀಗೆ ಕೈ ಕಟ್ಟಿಹಾಕುವುದಿಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್, ಎಂಐಟಿ ಬೇಗ ಉತ್ತರ ಕೊಟ್ಟರೂ ನಿರ್ಧಾರಕ್ಕೆ ಮೇ ತನಕ ಬಿಡುತ್ತವೆ. ಮುಂಗಡ ಪ್ರವೇಶ ಅನುಕೂಲಸ್ಥರಿಗೇ ಅನುಕೂಲ ಎಂದು 2006ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಅದನ್ನು ನಿಲ್ಲಿಸುವ ತೀರ್ಮಾನವನ್ನೇ ಮಾಡಿದ್ದವು. ಅವರ ಹಾದಿ ಹಿಡಿದವರು ತೀರಾ ಕಡಿಮೆ. 2011ರಲ್ಲಿ ಎರಡೂ ಕಟ್ಟುಪಾಡಿಲ್ಲದ ರೂಪದಲ್ಲಿ ಮತ್ತೆ ಶುರುಮಾಡಿದವು. 2025ರ ಆಗಸ್ಟ್‌ನಲ್ಲಿ ಅರ್ಲಿ ಡಿಸಿಷನ್ ನಡೆಸುವ ಹಲವು ಕಾಲೇಜುಗಳ ಮೇಲೆ, ಇದು ಪೈಪೋಟಿಯನ್ನು ಕೊಂದು ಬೆಲೆ ಏರಿಸುತ್ತದೆ ಎಂದು ಫೆಡರಲ್ ಕೋರ್ಟಿನಲ್ಲಿ ದಾವೆ ದಾಖಲಾಯಿತು. ಚಿಕ್ಕಪೇಟೆಯ ವಾದವೇ, ವಕೀಲರ ಬಾಯಲ್ಲಿ.

ನಮ್ಮ ಸಿಇಟಿ ನೆನಪಾಗುವುದು ಇಲ್ಲೇ. ತಂಗಿಯ ಮಗ ಅದೇ ವರ್ಷ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಆಪ್ಷನ್ ಎಂಟ್ರಿ ಮಾಡಿದ, ಅಂದರೆ ತನಗೆ ಬೇಕಾದ ಕಾಲೇಜುಗಳ ಪಟ್ಟಿ ಕೊಟ್ಟ. ಸೀಟು ಹಂಚಿಕೆಯಾದ ಮೇಲೆ ಅವನ ಮುಂದೆ ನಾಲ್ಕು ಛಾಯ್ಸ್. ಒಂದನೆಯದು ಒಪ್ಪಿ ಸೇರುವುದು, ನಾಲ್ಕನೆಯದು ಬಿಟ್ಟು ನಡೆಯುವುದು. ನನಗಿಷ್ಟ ಎರಡನೆಯದು: ಈ ಸೀಟು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಸಿಗುತ್ತದೋ ನೋಡೋಣ. ಸರ್ಕಾರಿ ಕೋಟಾದ ಫೀಸು ಎಷ್ಟೆಂದು ಆಪ್ಷನ್ ಒತ್ತುವ ಮೊದಲೇ ಗೊತ್ತು. ಅದೇ ಕಾಲೇಜು, ಅದೇ ವರ್ಗವಾದರೆ ಪಕ್ಕದ ಮನೆಯವನಿಗೂ ಅಷ್ಟೇ. 1995ರಲ್ಲಿ ನಾನು ಬೆಂಗಳೂರಿನ ಕೌನ್ಸೆಲಿಂಗ್ ಹಾಲಿನಲ್ಲಿ ಕೂತಾಗ ಅಪ್ಪನ ಕೈಚೀಲದಲ್ಲಿ ಡಿಡಿ ಮೊದಲೇ ತಯಾರಿತ್ತು. ಮೊತ್ತದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ರ‍್ಯಾಂಕಿನ ಬಗ್ಗೆ ಮಾತ್ರ.

ಅದನ್ನು ಸ್ವರ್ಗ ಮಾಡಿ ತೋರಿಸುವ ಇರಾದೆ ನನಗಿಲ್ಲ. ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಷನ್ ಫೀ ಕಾನೂನುಬಾಹಿರ ಎಂದದ್ದು ನಮ್ಮ ತುಮಕೂರಿನ ಮೆಡಿಕಲ್ ಸೀಟಿನ ಕೇಸಿನಲ್ಲೇ. ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಆಗ ದರ ಇತ್ತು. ಮ್ಯಾನೇಜ್‌ಮೆಂಟ್ ಕೋಟಾ ಇಂದಿಗೂ ಇದೆ, 2024ರಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್, ಅಂದರೆ ಸೇರುವ ಮನಸ್ಸಿಲ್ಲದೆ ಸೀಟು ಹಿಡಿದಿಡುವ ದಂಧೆ, ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಒಂದು ದಿನದ ಜ್ವರಕ್ಕೆ ರ‍್ಯಾಂಕು ಕಳೆದುಕೊಂಡವರನ್ನೂ ಕಂಡಿದ್ದೇನೆ. ಅಮೆರಿಕದವರು ನನ್ನ ಮಗಳ ಪ್ರಬಂಧ ಓದಿದರು, ಅವಳ ಪಿಟೀಲಿನ ಬಗ್ಗೆ ಕೇಳಿದರು. ಅದು ಸಣ್ಣ ಮಾತಲ್ಲ.

ಆದರೂ ಅಜ್ಜನ ಮಾತು ನೆನಪಾಗುತ್ತದೆ. ಅವರು ಮೈಸೂರಿನಲ್ಲಿ ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಒಂದು ಮನೆಯಲ್ಲಿ ಬರೀ ಗೊಜ್ಜು, ಇನ್ನೊಂದರಲ್ಲಿ ತುಪ್ಪ. ಏಳೂ ದಿನ ಒಂದೇ ಮನೆಯಲ್ಲಿ ಉಣ್ಣುತ್ತೇನೆಂದು ಬರೆದುಕೊಡು ಎಂದು ಅವರನ್ನು ಯಾರೂ ಕೇಳಲಿಲ್ಲ.

ರಾತ್ರಿ ಹನ್ನೊಂದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದೆ. ಮಗಳು ಅತ್ತಳು. ಹೆಂಡತಿ ಏನೂ ಹೇಳದೆ ಪಾತ್ರೆ ತೊಳೆಯಲು ಎದ್ದಳು. ಅದು ಅವಳ ಅಭಿಪ್ರಾಯ. ಆ ಕಾಲೇಜಿಗೆ ಸಾಮಾನ್ಯ ಸುತ್ತಿನಲ್ಲೇ ಅರ್ಜಿ ಹೋಯಿತು. ಮಾರ್ಚ್ ಕೊನೆಗೆ ಇಲ್ಲ ಅಂದರು. ನವೆಂಬರಿನಲ್ಲಿ ಹಾಕಿದ್ದರೆ ಹೌದು ಅನ್ನುತ್ತಿದ್ದರೋ ಏನೋ, ಅದು ನನ್ನ ತಲೆಯ ಮೇಲೆ ಇದ್ದೇ ಇರುತ್ತದೆ. ಏಪ್ರಿಲ್‌ನಲ್ಲಿ ಮೇಜಿನ ಮೇಲೆ ಮೂರು ಬೇರೆ ಪತ್ರಗಳಿದ್ದವು. ಒಂದು ಕಾಲೇಜಿನ ಪತ್ರವನ್ನು ಇನ್ನೊಂದಕ್ಕೆ ಕಳಿಸಿ ‘ಸ್ವಲ್ಪ ನೋಡಿ’ ಎಂದು ಬರೆದೆ. ಹತ್ತು ದಿನಕ್ಕೆ ವರ್ಷಕ್ಕೆ 7,000 ಡಾಲರ್ ಹೆಚ್ಚಿಸಿ ಉತ್ತರ ಬಂತು. ಅಮ್ಮನಿಗೆ ಹೇಳಿದರೆ, ‘ಇನ್ನೊಂದ್ಸಲ ಕೇಳ್ಬೇಕಿತ್ತು’ ಎಂದಳು.

ಮಗಳು ಈಗ ಅಲ್ಲೇ ಓದುತ್ತಿದ್ದಾಳೆ. ಕ್ಯಾಂಪಸ್ ನೋಡಲು ಹೋದಾಗ ಕೊಂಡಿದ್ದ ಮೊದಲ ಕಾಲೇಜಿನ ಬೂದು ಬಣ್ಣದ ಸ್ವೆಟ್‌ಶರ್ಟನ್ನು ಮನೆಯಲ್ಲೇ ಬಿಟ್ಟು ಹೋದಳು. ಹೆಂಡತಿ ಅದನ್ನು ಹಾಕಿಕೊಂಡು ಹಿತ್ತಿಲಲ್ಲಿ ಎಲೆ ಗುಡಿಸುತ್ತಾಳೆ. ಮೊನ್ನೆ ಭಾವ ಫೋನ್ ಮಾಡಿದ್ದರು. ಸೈಟಿನಲ್ಲಿ ಎದೆಯುದ್ದ ಪಾರ್ಥೇನಿಯಂ ಬೆಳೆದಿದೆಯಂತೆ, ಅಕ್ಕಪಕ್ಕದವರು ತಕರಾರು ಮಾಡುತ್ತಿದ್ದಾರೆ, ಕೀಳಿಸಲು ನಾಲ್ಕು ಸಾವಿರ ಕಳಿಸು ಎಂದರು. ಕಳಿಸಿದೆ.